ಗಟ್ಟಿಯಾದರೆ ಸಾಲದು: ಮನೆಯಲ್ಲಿ ಸ್ಯಾನಿಟೈಸರ್ ಜೆಲ್ ಮಾಡುವ ಸರಿಯಾದ ಅಳತೆ

ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ಒಂದು ಬಾಟಲಿ ತಂದು ನನ್ನ ಕೈಗೆ ಕೊಟ್ಟಳು. ತಾನೇ ಮಾಡಿದ ಸ್ಯಾನಿಟೈಸರ್. ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. "ಎಷ್ಟು ದಪ್ಪ ಬಂದೈತಿ ನೋಡ್ರೀ ಅಕ್ಕಾರ, ಅಂಗಡಿದಕ್ಕಿಂತ ಸ್ಟ್ರಾಂಗ್ ಐತಿ" ಅಂದಳು. ಅವಳ ಅಕ್ಕ ಬಾಣಂತಿ, ಹೆರಿಗೆಗೆ ತವರಿಗೆ ಬಂದಿದ್ದಾಳೆ. ಕೂಸು ನೋಡೋಕೆ ಬಂದವರೆಲ್ಲ ಹೊರಗಿನಿಂದ ಬಂದ ಕೈಯಲ್ಲೇ ಎತ್ತಿಕೊಳ್ಳುತ್ತಾರೆ. ಬಾಗಿಲಲ್ಲಿ ಒಂದು ಬಾಟಲಿ ಇಡೋಣ ಅಂತ ಮಾಡಿದ್ದಳು.

ಏನೇನು ಹಾಕಿದೆ ಅಂತ ಕೇಳಿದೆ. ಮೆಡಿಕಲ್ ಶಾಪಿನ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಲೋಟ, ಅಲೋವೆರಾ ಜೆಲ್ ಒಂದು ಲೋಟ. ಅಲ್ಲೇ ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿದೆವು. 70ರಲ್ಲಿ ಮೂರನೇ ಎರಡು ಪಾಲು ಅಂದರೆ ಶೇ. 47ಕ್ಕೂ ಕಡಿಮೆ. ಕೈ ಮೇಲಿನ ರೋಗಾಣುಗಳನ್ನು ನಂಬಿಕೆಯಿಂದ ಕೊಲ್ಲೋಕೆ ಕನಿಷ್ಠ ಶೇ. 60 ಆಲ್ಕೋಹಾಲ್ ಬೇಕು. ಹುಡುಗಿಯ ಮುಖ ಬಾಡಿತು. ತಪ್ಪು ಅವಳದಲ್ಲ. ಎಲ್ಲರೂ ಹೇಳುವ "ಎರಡು ಪಾಲು, ಒಂದು ಪಾಲು" ಅನ್ನೋ ಲೆಕ್ಕ ಶೇ. 99ರ ಆಲ್ಕೋಹಾಲಿಗೆ ಹೇಳಿದ್ದು. ಆ ಅರ್ಧ ಮಾತು ಬಿಟ್ಟುಹೋಗಿ, ಉಳಿದರ್ಧ ಮಾತ್ರ ಊರೆಲ್ಲ ಓಡಾಡುತ್ತಿದೆ.

ನಾನು ಧಾರವಾಡದ ಒಂದು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಹುಬ್ಬಳ್ಳಿಯಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಮನೆಗೆ ಹೋಗಿ ಅತ್ತೆಗೆ ಇನ್ಸುಲಿನ್ ಚುಚ್ಚಬೇಕು. ಹಾಗಾಗಿ ಈ ಬಾಟಲಿ ನನಗೂ ಬೇಕೇ ಬೇಕು. ಆ ಭಾನುವಾರ ಹುಡುಗಿ ಮತ್ತು ನಾನು ಕೂತು ಹೊಸದಾಗಿ ಮಾಡಿದೆವು. ಆ ದಿನ ಮಾಡಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೋಪಿನ ಮಾತು

ನಲ್ಲಿ ಹತ್ತಿರ ಇದ್ದರೆ, ಸೋಪು ಇದ್ದರೆ, ಅದೇ ಮೊದಲು. ಇದರಲ್ಲಿ ಎರಡು ಮಾತಿಲ್ಲ. ಸೋಪು ಕೊಳೆಯನ್ನೂ ಜಿಡ್ಡನ್ನೂ ಎತ್ತಿಕೊಂಡು ನೀರಿನ ಜೊತೆ ಹೋಗುತ್ತದೆ. ಸ್ಯಾನಿಟೈಸರ್ ಏನನ್ನೂ ಎತ್ತಿಕೊಂಡು ಹೋಗುವುದಿಲ್ಲ. ಇದ್ದಲ್ಲೇ ಕೊಲ್ಲುತ್ತದೆ, ಅಷ್ಟೇ. ಕೈ ಮಣ್ಣಾಗಿದ್ದರೆ, ಎಣ್ಣೆ ಆಗಿದ್ದರೆ ಅದು ಒಳಗೆ ಇಳಿಯುವುದೇ ಇಲ್ಲ. ವಾಂತಿ-ಭೇದಿ ತರುವ ನೊರೋವೈರಸ್ ಮೇಲೆ ಆಲ್ಕೋಹಾಲ್ ಅಷ್ಟಾಗಿ ನಡೆಯುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣದ (ಗಟ್ಟಿ ಕವಚದೊಳಗೆ ಮಲಗಿರುವ ರೂಪದ) ಮೇಲೂ ನಡೆಯುವುದಿಲ್ಲ. ಶೌಚಕ್ಕೆ ಹೋಗಿ ಬಂದ ಮೇಲೆ, ಕೂಸಿನ ಬಟ್ಟೆ ಬದಲಿಸಿದ ಮೇಲೆ ಸೋಪು-ನೀರೇ ಬೇಕು.

ನಮ್ಮ ಕಡೆಯವರಿಗೆ ಇನ್ನೂ ಎರಡು ಮಾತು ಹೇಳಲೇಬೇಕು. ಹೊಲದಲ್ಲಿ ಹತ್ತಿಗೋ ಮೆಣಸಿನ ಗಿಡಕ್ಕೋ ಎಣ್ಣೆ ಹೊಡೆದು ಬಂದವರು ಸ್ಯಾನಿಟೈಸರ್ ಹಚ್ಚಿಕೊಂಡು ಊಟಕ್ಕೆ ಕೂರಬಾರದು. ಕೀಟನಾಶಕ ಅದರಿಂದ ಹೋಗುವುದಿಲ್ಲ. ಸೋಪು ಹಚ್ಚಿ ಚೆನ್ನಾಗಿ ತೊಳೆಯಲೇಬೇಕು. ಹಾಗೆಯೇ ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿದ ಕೈಗೆ ಇದನ್ನು ಹಚ್ಚಬೇಡಿ. ಮೆಣಸಿನ ಉರಿಯ ಅಂಶ ಆಲ್ಕೋಹಾಲಿನಲ್ಲಿ ಕರಗುತ್ತದೆ. ಕರಗಿ ಹೋಗುವುದಿಲ್ಲ, ಕೈ ತುಂಬ ಹರಡಿಕೊಳ್ಳುತ್ತದೆ. ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ.

ಬಸ್ಸು, ರೈಲು, ಆಸ್ಪತ್ರೆಯ ವಾರ್ಡು, ಬಾಣಂತಿ ಕೋಣೆಯ ಬಾಗಿಲು, ನೀರಿಲ್ಲದ ಸಂತೆ. ಬಾಟಲಿ ಕೆಲಸಕ್ಕೆ ಬರುವುದು ಇಂಥ ಕಡೆ.

ಆಲ್ಕೋಹಾಲ್ ತರುವಾಗ

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಇಲ್ಲಿ. ಉಳಿದ ಯಾವ ತಪ್ಪಾದರೂ ಜೆಲ್ ಕೆಡುತ್ತದೆ. ಇಲ್ಲಿ ತಪ್ಪಿದರೆ ಮನುಷ್ಯರಿಗೇ ಅಪಾಯ.

ಸ್ಯಾನಿಟೈಸರಿಗೆ ಎರಡು ಆಲ್ಕೋಹಾಲ್ ನಡೆಯುತ್ತವೆ. ಒಂದು ಎಥೆನಾಲ್, ಇನ್ನೊಂದು ಐಸೊಪ್ರೊಪೈಲ್. ಶುದ್ಧ ಎಥೆನಾಲ್ ಅಬಕಾರಿ ಇಲಾಖೆಯ ಹಿಡಿತದಲ್ಲಿರುವ ಸರಕು. ಮನೆ ಬಳಕೆಗೆ ಸುಮ್ನೆ ಹೋಗಿ ಕೇಳಿದರೆ ಸಿಗುವುದಿಲ್ಲ. ಹಾಗಾಗಿ ನಮಗೆ ಐಸೊಪ್ರೊಪೈಲೇ ಗತಿ. ಅದೂ ಒಳ್ಳೆಯದೇ. ಅಂಗಡಿಯವರು ಐಪಿಎ ಅನ್ನುತ್ತಾರೆ.

ಮೂರನೆಯದು ಮೆಥನಾಲ್. ಅದು ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. ಚರ್ಮದಿಂದಲೂ ಒಳಗೆ ಇಳಿಯುತ್ತದೆ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಜನರ ಜೀವ ತೆಗೆದದ್ದು ಇದೇ. ಬಣ್ಣವಿಲ್ಲ, ನೀರಿನ ಹಾಗೆ ಇರುತ್ತದೆ. ಮೂಸಿ ನೋಡಿ ಗುರುತು ಹಿಡಿಯುತ್ತೇನೆ ಅನ್ನುವವರ ಮಾತು ನಂಬಬೇಡಿ. 2020ರಲ್ಲಿ ಅಮೆರಿಕದಲ್ಲಿ ಮೆಥನಾಲ್ ಬೆರೆತ ಸ್ಯಾನಿಟೈಸರ್‌ಗಳನ್ನು ಮಾರುಕಟ್ಟೆಯಿಂದಲೇ ವಾಪಸ್ ತೆಗೆಸಬೇಕಾಯಿತು.

ಅದೇ ವರ್ಷ ನನಗೂ ಒಂದು ಅನುಭವ ಆಯಿತು. ಎಲ್ಲಿಯೂ ಐಪಿಎ ಇಲ್ಲದ ದಿನಗಳು. ಬಣ್ಣ-ಹಾರ್ಡ್‌ವೇರ್ ಮಾರುವ ಒಂದು ಅಂಗಡಿಯಲ್ಲಿ "ಸ್ಪಿರಿಟ್ ಐತಿ ತಗೋರಿ, ಎಲ್ಲಾರೂ ಅದನ್ನ ಒಯ್ಯಾಕತ್ತಾರ" ಅಂತ ಒಂದು ಕ್ಯಾನ್ ಕೊಟ್ಟರು. ಮನೆಗೆ ಬಂದು ನೋಡಿದರೆ ಅದರ ಮೇಲೆ ಒಳಗೇನಿದೆ ಅಂತ ಒಂದಕ್ಷರ ಇಲ್ಲ. ಫ್ರೆಂಚ್ ಪಾಲಿಶ್ ಕೆಲಸಕ್ಕೆ ಮಾರುವ ಸ್ಪಿರಿಟಿನಲ್ಲಿ ಜನ ಕುಡಿಯಬಾರದು ಅಂತಲೇ ಮೆಥನಾಲಿನಂಥದ್ದು ಬೆರೆಸಿರುತ್ತಾರೆ. ಅದನ್ನು ಮುಟ್ಟದೆ ವಾಪಸ್ ಕೊಟ್ಟು ಬಂದೆ. ದುಡ್ಡು ಬರಲಿಲ್ಲ. ಥಿನ್ನರ್, ಪಾಲಿಶ್ ಸ್ಪಿರಿಟ್, ಲೇಬಲ್ ಇಲ್ಲದ ಕ್ಯಾನ್, ಇವು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಹಾಗಾದರೆ ಏನು ನೋಡಬೇಕು? ಪ್ರತಿ ರಾಸಾಯನಿಕಕ್ಕೂ ಸಿಎಎಸ್ ನಂಬರ್ ಅಂತ ಒಂದು ಇರುತ್ತದೆ. ಲ್ಯಾಬ್ ಕೆಮಿಕಲ್ ಬಾಟಲಿಯ ಲೇಬಲ್ ಮೇಲೆ ಅದನ್ನು ಅಚ್ಚು ಹಾಕಿರುತ್ತಾರೆ. ಐಸೊಪ್ರೊಪೈಲ್ ಆಲ್ಕೋಹಾಲಿನದು 67-63-0. ಮೆಥನಾಲಿನದು 67-56-1. ನೋಡಿದಿರಾ, ಮೊದಲ ಎರಡು ಅಂಕಿ ಒಂದೇ. ಪೂರ್ತಿ ಓದಿ. ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿ. ಲೇಬಲ್ ಮೇಲೆ ಐಸೊಪ್ರೊಪನಾಲ್, 2-ಪ್ರೊಪನಾಲ್, ಪ್ರೊಪಾನ್-2-ಓಲ್ ಅಂತ ಏನು ಬರೆದಿದ್ದರೂ ಎಲ್ಲ ಒಂದೇ. ಶೇಕಡಾ ಎಷ್ಟು ಅನ್ನುವುದು ಮಾತ್ರ ಬರೆದಿರಲೇಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಶಾಲೆ-ಕಾಲೇಜಿನ ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ಶೇ. 99ರದ್ದು ಕೇಳಿ. ಶೇ. 70ರದ್ದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಗದಗ, ಹಾವೇರಿ ಕಡೆಯವರು ಹುಬ್ಬಳ್ಳಿಗೆ ಬಂದಾಗ ಒಂದೇ ಸಲ ಎಲ್ಲ ಸಾಮಾನು ಒಯ್ಯಬಹುದು. ಆದರೆ ಐಪಿಎ ಬಾಟಲಿ ಹಿಡಿದು ರೈಲು ಹತ್ತಬೇಡಿ. ಬೆಂಕಿ ಹತ್ತುವ ಸರಕು ರೈಲಿನಲ್ಲಿ ಒಯ್ಯುವಂತಿಲ್ಲ.

ಕುಡಿಯುವ ಮದ್ಯದಿಂದ ಮಾಡಬಹುದಾ ಅಂತ ಕೇಳುವವರಿದ್ದಾರೆ. ವೋಡ್ಕಾ, ವಿಸ್ಕಿಯಲ್ಲಿ ಸಾಮಾನ್ಯವಾಗಿ ಇರುವುದು ಶೇ. 40ರ ಆಸುಪಾಸು. ಸಾಲುವುದಿಲ್ಲ.

ಒಂದೇ ಒಂದು ಲೆಕ್ಕ

ಬೇಕಾದ ಶೇಕಡಾವನ್ನು ಒಟ್ಟು ಮಿಲಿಯಿಂದ ಗುಣಿಸಿ. ಬಂದದ್ದನ್ನು ನಿಮ್ಮ ಬಾಟಲಿಯ ಶೇಕಡಾದಿಂದ ಭಾಗಿಸಿ. ಅಷ್ಟು ಮಿಲಿ ಆಲ್ಕೋಹಾಲ್ ಬೇಕು. 500 ಮಿಲಿ ಜೆಲ್ಲಿನಲ್ಲಿ ಶೇ. 70 ಬೇಕು, ಕೈಯಲ್ಲಿರುವುದು ಶೇ. 99ರದ್ದು ಅಂದುಕೊಳ್ಳಿ. 70ನ್ನು 500ರಿಂದ ಗುಣಿಸಿ 99ರಿಂದ ಭಾಗಿಸಿದರೆ 354 ಮಿಲಿ ಬರುತ್ತದೆ. ಕಲಕುವಾಗ ಸ್ವಲ್ಪ ಆವಿಯಾಗಿ ಹೋಗುತ್ತದೆ. ಅದಕ್ಕೇ ನಾನು 360 ಹಿಡಿಯುತ್ತೇನೆ.

ಹಾಗಾದರೆ ಶೇ. 99ರದ್ದನ್ನೇ ಹಚ್ಚಿಕೊಂಡರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ರೋಗಾಣುವಿನ ಪ್ರೋಟೀನು ಒಡೆಯಬೇಕಾದರೆ ನೀರಿನ ಪಸೆ ಬೇಕು. ಬರೀ ಆಲ್ಕೋಹಾಲಿನಲ್ಲಿ ಆ ಕೆಲಸ ಕುಂಟುತ್ತದೆ. ಕೈ ಮೇಲಿಂದ ಬೇಗ ಆರಿಯೂ ಹೋಗುತ್ತದೆ. ಶೇ. 60ರಿಂದ 80ರ ನಡುವೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಇಲ್ಲಿ ಕಲಬೆರಕೆ ಅಲ್ಲ, ಮದ್ದಿನ ಭಾಗ.

ಶೇ. 70ರ ಬಾಟಲಿ ಮಾತ್ರ ಇದ್ದರೆ

ನೀರು, ಜೆಲ್ ಏನೂ ಬೆರೆಸೋಕೆ ಹೋಗಬೇಡಿ. 500 ಮಿಲಿಗೆ 7 ಮಿಲಿ ಗ್ಲಿಸರಿನ್ ಹಾಕಿ, ಮುಚ್ಚಳ ಬಿಗಿ ಮಾಡಿ, ಮೆಲ್ಲಗೆ ಬೋರಲು-ಸೀದಾ ಮಾಡಿ. ಮುಗಿಯಿತು. ಶೇ. 69 ಉಳಿಯುತ್ತದೆ. ಜೆಲ್ ಆಗುವುದಿಲ್ಲ, ನೀರಿನ ಹಾಗೆಯೇ ಇರುತ್ತದೆ. ಸ್ಪ್ರೇ ಬಾಟಲಿಗೆ ತುಂಬಿ. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಗ್ಲಿಸರಿನ್ ಯಾಕೆ ಅಂದರೆ, ಬರೀ ಆಲ್ಕೋಹಾಲ್ ಕೈಯ ಪಸೆ ಎಳೆದುಬಿಡುತ್ತದೆ. ಡಿಸೆಂಬರ್-ಜನವರಿಯ ಒಣಗಾಳಿಯಲ್ಲಿ ಕೈ ಬಿರಿಯುತ್ತದೆ. ಬಿರಿದ ಕೈಗೆ ಉರಿ ಅಂತ ಆಮೇಲೆ ಯಾರೂ ಬಾಟಲಿ ಮುಟ್ಟುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ

ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಕೈ ಶುಚಿತ್ವದ ಮಾರ್ಗಸೂಚಿಯಲ್ಲಿ ಎರಡು ಪಾಕ ಕೊಟ್ಟಿದೆ. ದುಬಾರಿ ಸರಕು ಕೊಳ್ಳಲಾಗದ ಆಸ್ಪತ್ರೆಗಳು ತಾವೇ ಮಾಡಿಕೊಳ್ಳಲಿ ಅನ್ನುವುದು ಅದರ ಉದ್ದೇಶ. ಒಂದು ಶೇ. 80 ಎಥೆನಾಲಿನದು, ಇನ್ನೊಂದು ಶೇ. 75 ಐಸೊಪ್ರೊಪೈಲಿನದು. ಎರಡೂ ಜೆಲ್ ಅಲ್ಲ, ತೆಳು ದ್ರವ. ಇದನ್ನು ಗಮನಿಸಿ. ಆಸ್ಪತ್ರೆಯವರೇ ನಂಬುವ ಪಾಕಕ್ಕೆ ದಪ್ಪ ಬೇಕಾಗಿಲ್ಲ.

ಅವರ ಅಳತೆ 10 ಲೀಟರಿಗೆ ಇದೆ. 500 ಮಿಲಿಗೆ ಇಳಿಸಿದರೆ ಶೇ. 99.8ರ ಐಪಿಎ 376 ಮಿಲಿ, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 21 ಮಿಲಿ, ಗ್ಲಿಸರಿನ್ 7 ಮಿಲಿ ಆಗುತ್ತದೆ. ಶೇ. 99ರದ್ದಾದರೆ 379 ಮಿಲಿ ಹಿಡಿಯಿರಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಪೆರಾಕ್ಸೈಡ್ ಹೆಚ್ಚಾಗಿ ಶೇ. 6ರದ್ದೇ ಸಿಗುತ್ತದೆ. ಅದಾದರೆ ಅರ್ಧ, ಅಂದರೆ ಹತ್ತೂವರೆ ಮಿಲಿ ಸಾಕು. ಇದು ಕೈಯ ರೋಗಾಣುವಿಗೆ ಅಲ್ಲ, ಬಾಟಲಿಯಲ್ಲೋ ನೀರಿನಲ್ಲೋ ಉಳಿದ ಬೀಜಕಣಗಳಿಗೆ. ಅದಕ್ಕೇ ಮಾಡಿದ ಮೇಲೆ 72 ಗಂಟೆ ಮುಚ್ಚಿಟ್ಟು ಆಮೇಲೆ ಬಳಸಬೇಕು.

ಇಷ್ಟು ಹಾಕಿದ ಮೇಲೆ ಡಿಸ್ಟಿಲ್ಡ್ ವಾಟರ್, ಇಲ್ಲವೇ ಕುದಿಸಿ ಆರಿಸಿದ ನೀರನ್ನು 500ರ ಗೆರೆ ಮುಟ್ಟುವ ತನಕ ಹಾಕಿ. ನೀರಿನ ಅಳತೆಯನ್ನು ಮೊದಲೇ ಹೇಳದೆ ಗೆರೆ ಮುಟ್ಟುವ ತನಕ ಅಂತ ಹೇಳುವುದಕ್ಕೆ ಕಾರಣ ಇದೆ. ಆಲ್ಕೋಹಾಲ್ ಮತ್ತು ನೀರು ಸೇರಿದಾಗ ಒಟ್ಟು ಗಾತ್ರ ಸ್ವಲ್ಪ ಕುಗ್ಗುತ್ತದೆ. ಒಂದು ಲೋಟ ಮತ್ತು ಒಂದು ಲೋಟ ಸೇರಿ ಪೂರ್ತಿ ಎರಡು ಲೋಟ ಆಗುವುದಿಲ್ಲ. ನಮ್ಮ ಮೊದಲ ವರ್ಷದ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದಾಗ ಅವರ ಕಣ್ಣು ಅರಳುವುದನ್ನು ನೋಡಬೇಕು.

ಈಗ ಜೆಲ್

ಕೈಯಿಂದ ಸೋರಬಾರದು, ಬ್ಯಾಗಿನಲ್ಲಿ ಚೆಲ್ಲಬಾರದು, ಮಕ್ಕಳ ಅಂಗೈಯಲ್ಲಿ ನಿಲ್ಲಬೇಕು. ಜೆಲ್ ಬೇಕಾಗುವುದು ಇದಕ್ಕೆ. ಇದಕ್ಕೆ ಎರಡು ದಾರಿ.

ಸುಲಭದ ದಾರಿ ಅಂಗಡಿಯ ಅಲೋವೆರಾ ಜೆಲ್ಲಿನದು. ಶೇ. 99ರ ಐಪಿಎ 350 ಮಿಲಿಗೆ ಜೆಲ್ 150 ಮಿಲಿ. ಶೇ. 69 ಬರುತ್ತದೆ. ಒಂದೊಂದು ಕಂಪನಿಯ ಜೆಲ್ ಒಂದೊಂದು ಥರ. ಕೆಲವು ತೆಳ್ಳಗಾಗುತ್ತವೆ, ಕೆಲವು ಗಂಟುಗಂಟಾಗುತ್ತವೆ. ಮೊದಲು 35 ಮಿಲಿಗೆ 15 ಮಿಲಿ ಹಾಕಿ ಒಂದು ದಿನ ಇಟ್ಟು ನೋಡಿ. ತೆಳ್ಳಗಾಯಿತು ಅಂತ ಮತ್ತೆ ಜೆಲ್ ಸುರಿಯಬೇಡಿ. ಪಕ್ಕದ ಮನೆಯ ಬಾಟಲಿ ಸೋತದ್ದು ಅಲ್ಲೇ.

ಹಿತ್ತಲಿನ ಲೋಳೆಸರ ಬೇಡ. ನಾನು ಒಮ್ಮೆ ಮಾಡಿ ನೋಡಿದ್ದೇನೆ. ತಿರುಳು ತೆಗೆದು ಆಲ್ಕೋಹಾಲಿಗೆ ಹಾಕಿದೊಡನೆ ಬಿಳಿ ದಾರದಂತೆ ಎಳೆ ಎಳೆಯಾಗಿ ಬೇರೆಯಾಯಿತು. ಲೋಳೆಯಲ್ಲಿರುವ ಸಕ್ಕರೆಯ ಉದ್ದ ಸರಪಳಿಗಳು ಆಲ್ಕೋಹಾಲಿನಲ್ಲಿ ಕರಗಿ ನಿಲ್ಲುವುದಿಲ್ಲ. ಜೊತೆಗೆ ಎಲೆಯ ಮೇಲಿನ ಮಣ್ಣು, ಹುಳು-ಹುಪ್ಪಟೆಯ ಕೊಳೆ ಎಲ್ಲ ಒಳಗೆ ಬರುತ್ತದೆ. ಲೋಳೆಸರವನ್ನು ತಲೆಗೂ ಮುಖಕ್ಕೂ ಹಚ್ಚಿಕೊಳ್ಳಿ, ಬಾಟಲಿಗೆ ಬೇಡ.

ಸರಿಯಾದ ದಾರಿ ಕಾರ್ಬೊಪಾಲ್ 940 ಅನ್ನೋ ಪುಡಿಯದು. ಸೋಪು-ಕ್ರೀಮು ಮಾಡುವವರಿಗೆ ಕಚ್ಚಾ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಹತ್ತಿಯ ಧೂಳಿನಷ್ಟು ಹಗುರ. ಮೂಗಿಗೆ ಹೋದರೆ ಕೆರಳುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಫ್ಯಾನು ಆರಿಸಿ ತೂಕ ಮಾಡಿ. 500 ಮಿಲಿಗೆ ಬೇಕಾದದ್ದು 2 ಗ್ರಾಂ ಮಾತ್ರ. ಅಡುಗೆ ಮನೆಯ ತಕ್ಕಡಿ ಇಷ್ಟು ಸಣ್ಣ ತೂಕ ಹಿಡಿಯುವುದಿಲ್ಲ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಬೇಕು.

ಪುಡಿ ಹಾಕಿದ ಕೂಡಲೇ ಜೆಲ್ ಆಗುವುದಿಲ್ಲ. ಅದು ಹುಳಿ ಗುಣದ್ದು. ಅದರ ಹುಳಿಯನ್ನು ಒಂದು ಕ್ಷಾರ ಮುರಿದಾಗ, ಮುದುಡಿಕೊಂಡಿದ್ದ ಎಳೆಗಳು ಬಿಚ್ಚಿಕೊಂಡು ನೀರನ್ನು ಹಿಡಿದು ನಿಲ್ಲುತ್ತವೆ. ಆಗ ದಪ್ಪ ಬರುತ್ತದೆ. ಎಲ್ಲರೂ ಹೇಳುವ ಕ್ಷಾರ ಟ್ರೈಎಥನಾಲಮೀನ್. ಅಂಗಡಿಯಲ್ಲಿ ಟಿಇಎ ಅನ್ನುತ್ತಾರೆ. ಅದು ಶೇ. 60ರ ತನಕ ಆಲ್ಕೋಹಾಲ್ ತಡೆಯುತ್ತದೆ. ಅದರಾಚೆ ಹೋದರೆ ಜೆಲ್ ಒಡೆಯುತ್ತದೆ. ನಮ್ಮ ಲ್ಯಾಬಿನಲ್ಲಿ ಶೇ. 70ರದ್ದನ್ನು ಟಿಇಎ ಹಾಕಿ ಮಾಡಿದ್ದೆವು. ಮೊದಲ ದಿನ ಗಾಜಿನ ಹಾಗಿತ್ತು. ನಾಲ್ಕೈದು ದಿನಕ್ಕೆ ಒಡೆದ ಹಾಲಿನ ಹಾಗೆ ಬಿಳಿ ಚೂರು ಕಾಣಿಸಿತು. ಜೆಲ್ ಉಳಿಸಿಕೊಳ್ಳೋಕೆ ಆಲ್ಕೋಹಾಲ್ ಇಳಿಸುವುದು ತಪ್ಪು ದಾರಿ. ಕ್ಷಾರವನ್ನೇ ಬದಲಿಸಬೇಕು. ಎಎಂಪಿ-95 ಅಂತ ಕೇಳಿ ತನ್ನಿ. ಅಮೈನೋಮೀಥೈಲ್ ಪ್ರೊಪನಾಲ್ ಅಂತ ಅದರ ಪೂರ್ತಿ ಹೆಸರು. ಅದು ಶೇ. 80ರ ತನಕ ತಡೆಯುತ್ತದೆ.

ನೀರಿನ ವಿಷಯದಲ್ಲೂ ಇಲ್ಲಿ ರಾಜಿ ಬೇಡ. ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಇರುತ್ತದೆ. ಉಪ್ಪು ತಗುಲಿದರೆ ಕಾರ್ಬೊಪಾಲ್ ಜೆಲ್ ಸೋತು ನೀರಾಗುತ್ತದೆ. ಮಲಪ್ರಭೆಯ ನಲ್ಲಿ ನೀರನ್ನು ಕುದಿಸಿದರೂ ಅದರ ಉಪ್ಪು ಹೋಗುವುದಿಲ್ಲ. ಡಿಸ್ಟಿಲ್ಡ್ ವಾಟರೇ ಬೇಕು. ಮೆಡಿಕಲ್ ಶಾಪಿನಲ್ಲಿ ಸಿಗದಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿ ಆ್ಯಸಿಡ್ ಕೂಡ ಅಂಥದ್ದೇ ಕ್ಯಾನಿನಲ್ಲಿ ಇರುತ್ತದೆ, ಲೇಬಲ್ ಓದಿಯೇ ತನ್ನಿ. ಅಂದ ಹಾಗೆ, ಅಂಗೈ ಮೇಲೆ ಹಾಕಿದ ಜೆಲ್ ತಿಕ್ಕಿದ ಕೂಡಲೇ ನೀರಾಗುತ್ತದಲ್ವಾ? ಅದೂ ಇದೇ ಕಾರಣಕ್ಕೆ. ನಮ್ಮ ಬೆವರಿನ ಉಪ್ಪು ಅದನ್ನು ಬಿಚ್ಚುತ್ತದೆ.

ಕೆಲಸ ಹಿಂದಿನ ರಾತ್ರಿಯೇ ಶುರು. ಅಗಲ ಬಾಯಿಯ ಗಾಜಿನ ಇಲ್ಲವೇ ಸ್ಟೀಲಿನ ಡಬ್ಬಿಯಲ್ಲಿ 120 ಮಿಲಿ ಡಿಸ್ಟಿಲ್ಡ್ ವಾಟರ್ ಹಾಕಿ. ಚಹಾ ಸೋಸುವ ಜರಡಿಯಿಂದ 2 ಗ್ರಾಂ ಪುಡಿಯನ್ನು ನೀರಿನ ಮೇಲೆ ಉದುರಿಸಿ. ಒಮ್ಮೆಗೇ ಸುರಿದರೆ ಹೊರಗೆ ನೆನೆದು ಒಳಗೆ ಒಣಗಿದ ಗಂಟುಗಳಾಗುತ್ತವೆ. ರವೆ ಉಪ್ಪಿಟ್ಟಿಗೆ ಗಂಟು ಕಟ್ಟಿದ ಹಾಗೆ. ಕಲಕಬೇಡಿ, ಮುಚ್ಚಿಟ್ಟು ಮಲಗಿ.

ಬೆಳಿಗ್ಗೆ ನೋಡಿದರೆ ಪುಡಿ ನೆನೆದು ಮಸುಕು ಮಸುಕಾದ ನೀರಾಗಿರುತ್ತದೆ. ಈಗ ಮೆಲ್ಲಗೆ ಕಲಕಿ. ಮಜ್ಜಿಗೆ ಕಡೆಯುವ ಪುಟ್ಟ ಕಡಗೋಲು ಇದಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಇದಕ್ಕೇ ಅಂತ ಒಂದು ಬೇರೆ ಇಟ್ಟುಕೊಳ್ಳಿ, ಮತ್ತೆ ಮಜ್ಜಿಗೆಗೆ ಬಳಸಬೇಡಿ. ಮಿಕ್ಸಿಗೆ ಮಾತ್ರ ಖಂಡಿತ ಹಾಕಬೇಡಿ. ಮಿಕ್ಸಿಯ ಮೋಟಾರಿನಲ್ಲಿ ಕಿಡಿ ಏಳುತ್ತದೆ. ಆಲ್ಕೋಹಾಲಿನ ಆವಿಗೆ ಅಷ್ಟು ಸಾಕು.

ಗಂಟೆಲ್ಲ ಕರಗಿದ ಮೇಲೆ ಶೇ. 99ರ 360 ಮಿಲಿ ಐಪಿಎಯನ್ನು ಸಣ್ಣ ಧಾರೆಯಲ್ಲಿ ಹಾಕುತ್ತ ಕಲಕಿ. ಆಮೇಲೆ 7 ಮಿಲಿ ಗ್ಲಿಸರಿನ್. ಸೂಜಿ ತೆಗೆದ 10 ಮಿಲಿ ಸಿರಿಂಜಿನಲ್ಲಿ ಎಳೆದರೆ ಅಳತೆ ಸರಿ ಸಿಗುತ್ತದೆ. ಈಗ ಅಳತೆಯ ಜಾಡಿಗೆ ಸುರಿದು, ಡಿಸ್ಟಿಲ್ಡ್ ವಾಟರ್ ಹಾಕುತ್ತ 500ರ ಗೆರೆ ಮುಟ್ಟಿಸಿ, ವಾಪಸ್ ಡಬ್ಬಿಗೆ ಹಾಕಿ. ಈ ಹೊತ್ತಿಗೂ ಅದು ತೆಳ್ಳಗೇ ಇರುತ್ತದೆ. ಪಕ್ಕದ ಹುಡುಗಿ ಇಲ್ಲಿ ಗಾಬರಿಯಾಗಿ "ಇನ್ನಷ್ಟು ಪುಡಿ ಹಾಕೂಣ?" ಅಂತ ಕೇಳಿದಳು. ಬೇಡ.

ಕೊನೆಗೆ ಎಎಂಪಿ. ಕೈಗವಸು ಹಾಕಿಕೊಳ್ಳಿ, ನೀರು ಬೆರೆಸದ ಎಎಂಪಿ ಚರ್ಮಕ್ಕೂ ಕಣ್ಣಿಗೂ ಒಳ್ಳೆಯದಲ್ಲ. ಚಿಕ್ಕ ಸಿರಿಂಜಿನಲ್ಲಿ 2 ಮಿಲಿ ತೆಗೆದುಕೊಂಡು ಹನಿ ಹನಿಯಾಗಿ ಬಿಡಿ, ಒಂದೊಂದು ಹನಿಗೂ ಕಲಕಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕಡಗೋಲು ಭಾರವಾಗುತ್ತದೆ. ಮಸುಕು ಹೋಗಿ ತಿಳಿಯಾಗುತ್ತದೆ. ಪಿಎಚ್ ಪಟ್ಟಿ (ಹುಳಿ-ಕ್ಷಾರ ಎಷ್ಟಿದೆ ಅಂತ ಬಣ್ಣದಿಂದ ತೋರಿಸುವ ಕಾಗದ) ಅದ್ದಿ ನೋಡಿ. 7ರ ಹತ್ತಿರ ಬಂದಾಗ ನಿಲ್ಲಿಸಿ, ಸಿರಿಂಜಿನಲ್ಲಿ ಸ್ವಲ್ಪ ಉಳಿದರೂ ಚಿಂತೆಯಿಲ್ಲ. 2 ಗ್ರಾಂ ಪುಡಿಗೆ ಸುಮಾರು 1.8 ಗ್ರಾಂ ಎಎಂಪಿ ಸಾಕಾಗುತ್ತದೆ. ಜಾಸ್ತಿ ಹಾಕಿದರೆ ಜೆಲ್ ಮತ್ತೆ ತೆಳ್ಳಗಾಗುತ್ತದೆ, ಕೈಗೂ ಕೆರೆತ.

ಗಾಳಿಗುಳ್ಳೆ ತುಂಬಿಕೊಂಡಿರುತ್ತವೆ. ಮುಚ್ಚಿ ಒಂದು ರಾತ್ರಿ ಇಟ್ಟರೆ ತಾವೇ ಏರಿ ಒಡೆಯುತ್ತವೆ. ಆಮೇಲೆ ಬಾಟಲಿಗೆ ತುಂಬಿ. ಸುವಾಸನೆಗೆ ಅಂತ ಬೇವಿನ ಎಣ್ಣೆ, ಲವಂಗದ ಎಣ್ಣೆ, ಅತ್ತರು ಹಾಕುವವರಿದ್ದಾರೆ. ಅದರಿಂದ ಶಕ್ತಿ ಹೆಚ್ಚುವುದಿಲ್ಲ. ಕೆಲವರಿಗೆ ಚರ್ಮ ಕೆಂಪಾಗುತ್ತದೆ. ಕೂಸಿರುವ ಮನೆಗಂತೂ ಬೇಡ.

ಬೆಂಕಿ

ಶೇ. 70ರ ಐಸೊಪ್ರೊಪೈಲಿನ ಆವಿ ಸುಮಾರು 18 ಡಿಗ್ರಿಯಲ್ಲೇ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿ 38 ಡಿಗ್ರಿ. ಅಂದರೆ ಬಾಟಲಿ ತೆರೆದಾಗಲೆಲ್ಲ ಅದು ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ಅಡುಗೆ ಮನೆಯಲ್ಲಿ ಮಾಡಬೇಡಿ. ಗ್ಯಾಸ್ ಆರಿಸಿದ್ದರೂ ಬೇಡ. ದೇವರ ಮನೆಯ ದೀಪ, ಊದಿನಕಡ್ಡಿ, ಸೊಳ್ಳೆ ಬತ್ತಿ ನೆನಪಿಡಿ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ದೀಪವನ್ನೂ ಮುಟ್ಟಬಲ್ಲದು. ನಾವು ಮಾಡಿದ್ದು ಹಿಂದಿನ ಪಡಸಾಲೆಯಲ್ಲಿ, ಎರಡೂ ಬಾಗಿಲು ತೆರೆದು.

ಹಚ್ಚಿಕೊಂಡ ಮೇಲೂ ಅಷ್ಟೇ. ಕೈ ಪೂರ್ತಿ ಆರುವ ತನಕ ಒಲೆ ಹಚ್ಚಬೇಡಿ, ದೀಪ ಹಚ್ಚಬೇಡಿ, ಬೀಡಿ ಹಚ್ಚಬೇಡಿ. ಹಗಲಿನಲ್ಲಿ ಆಲ್ಕೋಹಾಲಿನ ಉರಿ ಸರಿಯಾಗಿ ಕಣ್ಣಿಗೆ ಕಾಣುವುದೇ ಇಲ್ಲ. ಸುಟ್ಟ ಮೇಲೆಯೇ ಗೊತ್ತಾಗುವುದು.

ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಕಡ್ಡಿ ಗೀರಿ ಹಚ್ಚಿ ನೋಡುವುದು, ಉರಿದರೆ ಒಳ್ಳೆ ಸ್ಯಾನಿಟೈಸರ್ ಅನ್ನುವುದು. ಶೇ. 50ರದ್ದೂ ಉರಿಯುತ್ತದೆ, ಮೆಥನಾಲೂ ಉರಿಯುತ್ತದೆ. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಮನೆ ಸುಡಬಹುದು. ಆಲ್ಕೋಹಾಲ್ ಅಳೆಯುವ ತೇಲುಕಡ್ಡಿ ಲ್ಯಾಬಿನಲ್ಲಿ ಇರುತ್ತದೆ, ಆದರೆ ಅದು ತೆಳು ದ್ರವದಲ್ಲಿ ಮಾತ್ರ ಸರಿಯಾಗಿ ತೇಲುತ್ತದೆ. ಜೆಲ್ಲಿಗೆ ಮಾಡುವಾಗಿನ ಅಳತೆಯೇ ಸಾಕ್ಷಿ. ಅದಕ್ಕೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಹಾಕಿ.

ಹಚ್ಚುವುದು, ಇಡುವುದು

ಒದ್ದೆ ಕೈಗೆ ಹಚ್ಚಬೇಡಿ, ಕೈಯ ನೀರೇ ಶೇಕಡಾ ಇಳಿಸುತ್ತದೆ. ಅಂಗೈ ಗುಳಿ ತುಂಬುವಷ್ಟು ತೆಗೆದುಕೊಳ್ಳಿ. ಒಂದು ಹನಿ ಮುಟ್ಟಿಸಿಕೊಂಡರೆ ಶಾಸ್ತ್ರಕ್ಕೆ ಆಯಿತಷ್ಟೇ. ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರ ತುದಿ, ಎಲ್ಲ ಕಡೆ 20ರಿಂದ 30 ಸೆಕೆಂಡು ತಿಕ್ಕಿ. 10-15 ಸೆಕೆಂಡಿಗೇ ಆರಿಹೋದರೆ ತೆಗೆದುಕೊಂಡದ್ದು ಕಡಿಮೆ ಅಂತ ತಿಳಿಯಿರಿ. ಸೆರಗಿಗೆ ಒರೆಸಿಕೊಳ್ಳಬೇಡಿ, ತಾನೇ ಆರಲಿ. ಕೂಸನ್ನು ಎತ್ತಿಕೊಳ್ಳುವುದು ಕೈ ಆರಿದ ಮೇಲೆ. ಹಾಲೂಡುವ ತಾಯಿ ಎದೆ ಮುಟ್ಟುವ ಮುಂಚೆ ಸೋಪು-ನೀರಿನಲ್ಲೇ ಕೈ ತೊಳೆಯಲಿ.

ನೀರಿನ ಬಾಟಲಿ, ಜ್ಯೂಸ್ ಬಾಟಲಿಗೆ ಎಂದೂ ತುಂಬಬೇಡಿ. 2020ರ ಜುಲೈ ಕೊನೆಗೆ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ ಮದ್ಯ ಸಿಗದೆ ಸ್ಯಾನಿಟೈಸರ್ ಕುಡಿದವರು ಸತ್ತರು. ಮಗು ಬಾಯಿಗೆ ಹಾಕಿಕೊಂಡಿದ್ದರೆ ವಾಂತಿ ಮಾಡಿಸೋಕೆ ಹೋಗಬೇಡಿ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ, 108ಕ್ಕೆ ಫೋನ್ ಮಾಡಿ. ಕಣ್ಣಿಗೆ ಹಾರಿದರೆ 15 ನಿಮಿಷ ತಣ್ಣೀರು ಬಿಡಿ, ಉಜ್ಜಬೇಡಿ, ಆಮೇಲೆ ಡಾಕ್ಟರಿಗೆ ತೋರಿಸಿ.

ನೆರಳಿನಲ್ಲಿಡಿ. ಬಿಸಿಲಿಗೆ ಕಾರ್ಬೊಪಾಲ್ ಜೆಲ್ ಸೋಲುತ್ತದೆ. ಮುಚ್ಚಳ ಸಡಿಲಿದ್ದರೆ ಆಲ್ಕೋಹಾಲ್ ಹಾರಿಹೋಗಿ ದಪ್ಪ ಮಾತ್ರ ಉಳಿಯುತ್ತದೆ. ನಿಂತ ಕಾರಿನಲ್ಲಿ ಬಿಟ್ಟುಬರಬೇಡಿ. ಅರ್ಧ ಖಾಲಿಯಾದ ಬಾಟಲಿಗೆ ಮೇಲಿಂದ ತುಂಬುವುದು ಬೇಡ. ಪೂರ್ತಿ ಮುಗಿದ ಮೇಲೆ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಹೊಸದು ತುಂಬಿ. ಮನೆ ಬಳಕೆಗೆ ಎಷ್ಟು ಬೇಕೋ ಅಷ್ಟೇ ಮಾಡಿ. ಮಾರೋಕೆ ಹೋಗಬೇಡಿ, ಅದಕ್ಕೆ ಔಷಧ ಇಲಾಖೆಯ ಲೈಸೆನ್ಸ್ ಬೇಕು.

ಹುಡುಗಿ ಬಾಟಲಿಗೆ ಬಿಳಿ ಕಾಗದ ಅಂಟಿಸಿ, ದಪ್ಪ ಪೆನ್ನಿನಲ್ಲಿ ಬರೆದಳು: ಕೈಗೆ ಹಚ್ಚುವ ಸ್ಯಾನಿಟೈಸರ್, ಐಸೊಪ್ರೊಪೈಲ್ ಶೇ. 71, ಕುಡಿಯಬಾರದು, ಬೆಂಕಿಯಿಂದ ದೂರ. ಕೆಳಗೆ ಮಾಡಿದ ತಾರೀಖು. ಬಾಣಂತಿ ಕೋಣೆಯ ಬಾಗಿಲ ಪಕ್ಕದ ಗೂಡಿನಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಟ್ಟಳು. ಹಳೆಯ ಬಾಟಲಿಯನ್ನು ಏನು ಮಾಡಲಿ ಅಂತ ಕೇಳಿದಳು. ಒಲೆ-ದೀಪ ಇಲ್ಲದ ಬಯಲಲ್ಲಿ, ಜಾಸ್ತಿ ನೀರು ಬೆರೆಸಿ ಚರಂಡಿಗೆ ಬಿಡು ಅಂದೆ. ಇಬ್ಬರೂ ಹೋಗಿ ಸುರಿದು ಬಂದೆವು.